ಒಂದೇ ಕೋಣೆಯ ಫ್ರೀಮನ್ ಶಾಲೆಯನ್ನು ಮಕ್ಕಳಿಗೆ ತೋರಿಸಬಹುದಾ?

ಊರಲ್ಲಿ ಏಕೋಪಾಧ್ಯಾಯ ಶಾಲೆಯಲ್ಲಿ ಓದಿದ ನಮ್ಮ ಕಷ್ಟ ಮಕ್ಕಳಿಗೂ ಗೊತ್ತಾಗಲಿ, ಅದಕ್ಕೆ ಒಮಾಹಾದಿಂದ ಅಮೆರಿಕದ ನೆಬ್ರಾಸ್ಕಾ ರಾಜ್ಯದ ಬಿಯಾಟ್ರಿಸ್ ಹತ್ತಿರ, ಈಗ ಒಂದು ಐತಿಹಾಸಿಕ ಪಾರ್ಕಿನಲ್ಲಿ ಉಳಿಸಿಟ್ಟಿರುವ ಹಳೇ ಫ್ರೀಮನ್ ಶಾಲೆಗೆ ಕರೆದುಕೊಂಡು ಹೋಗಬಹುದಾ ಅಂತ ಕೇಳಿದ್ದೀರಿ. ಖಂಡಿತ ಹೋಗಿ. ಆದರೆ ಆ ಕಾರಣಕ್ಕೆ ಬೇಡ.

ನಾನು ಹೋಗಿದ್ದೂ ಅದೇ ಕಾರಣಕ್ಕೆ. ಹಾಸನ ಜಿಲ್ಲೆಯ ನಮ್ಮ ಹಳ್ಳಿಯಲ್ಲಿ ಒಬ್ಬರೇ ಮೇಷ್ಟ್ರು, ನಾಲ್ಕು ಕ್ಲಾಸು, ಒಂದು ಹೆಂಚಿನ ಕೋಣೆ. ಒಂದನೇ ಕ್ಲಾಸಿನವರನ್ನು ಕಾಗುಣಿತ ತಿದ್ದೋಕೆ ಹಚ್ಚಿ, ನಾಲ್ಕನೆಯವರಿಗೆ ಭಾಗಾಕಾರ ಹೇಳಿಕೊಡುತ್ತಿದ್ದರು. ಕಾರಿನಲ್ಲಿ ದಾರಿಯುದ್ದಕ್ಕೂ ಇದೇ ಕಥೆ ಹೇಳಿದೆ. ಲಿಂಕನ್ ದಾಟುವಷ್ಟರಲ್ಲಿ ‘ನಿಮಗೆಲ್ಲ ಕೂತಲ್ಲೇ ಸಿಗುತ್ತೆ’ ಅನ್ನೋದೂ ಶುರುವಾಗಿತ್ತು. ಶಾಲೆಯೊಳಗೆ ಕಾಲಿಟ್ಟಾಗ ಮಕ್ಕಳಿಗೆ ಅದು ಬೈಗುಳದ ಮುಂದಿನ ಭಾಗದ ಹಾಗೆ ಕಂಡಿರಬೇಕು. ಮಗಳು ಏನನ್ನೂ ಕೇಳಲಿಲ್ಲ. ಕಬ್ಬಿಣದ ಕಾಲಿನ ಡೆಸ್ಕುಗಳನ್ನು ಒಮ್ಮೆ ನೋಡಿ ‘ಹೋಗೋಣ್ವಾ ಅಪ್ಪ?’ ಅಂದಳು. ನೋಡುವ ಮುಂಚೆಯೇ ಅದನ್ನು ನೋಡಿ ಏನು ಕಲಿಯಬೇಕು ಅಂತ ನಾನೇ ಹೇಳಿ ಮುಗಿಸಿದ್ದೆ. ಸುಮ್ನೆ ಇದ್ದಿದ್ದರೆ, ಬೇರೆ ಬೇರೆ ಕ್ಲಾಸಿನವರಿಗೆಲ್ಲ ಒಬ್ಬರೇ ಟೀಚರ್ ಹೇಗೆ ಪಾಠ ಮಾಡುತ್ತಿದ್ದರು ಅಂತ ಅವಳೇ ಕೇಳುತ್ತಿದ್ದಳು. ಅವಳು ಅಂಥ ಹುಡುಗಿ.

ಅದಕ್ಕಿಂತ ಜಾಸ್ತಿ ಬೇಜಾರು ಇನ್ನೊಂದಿದೆ. ಆ ಶಾಲೆ ಕಷ್ಟದ ಗುರುತೇ ಅಲ್ಲ. 1872ರ ಕಟ್ಟಡ. ಆ ಬಯಲಿಗೆ ಹೊಸದಾಗಿ ಬಂದ ಎಷ್ಟೋ ರೈತರು ಮರದ ದಿಮ್ಮಿಯ ಮನೆಗಳಲ್ಲಿದ್ದರು. ಶಾಲೆಗೆ ಮಾತ್ರ ಕೆಂಪು ಇಟ್ಟಿಗೆ ಗೋಡೆ! ಅದೇ ಪಾರ್ಕಿನಲ್ಲಿ 1867ರ ದಿಮ್ಮಿ ಮನೆಯೊಂದಿದೆ. ಮೊದಲು ಅದನ್ನು ತೋರಿಸಿ, ಆಮೇಲೆ ಶಾಲೆ. ನೀವೇನೂ ಹೇಳಬೇಕಿಲ್ಲ.

ಹೇಳಲೇಬೇಕು ಅನಿಸಿದರೆ ಡೇನಿಯಲ್ ಫ್ರೀಮನ್ ಕಥೆ ಹೇಳಿ. 1863ರ ಜನವರಿ 1ರಂದು, ನೆಲೆಸಿ ಉಳುವವರಿಗೆ ಸರ್ಕಾರಿ ಜಮೀನು ಕೊಡುವ ಹೋಮ್‌ಸ್ಟೆಡ್ ಕಾಯ್ದೆ ಜಾರಿಗೆ ಬಂದ ದಿನವೇ ಜಮೀನಿಗೆ ಅರ್ಜಿ ಹಾಕಿದ ರೈತ. ಈ ಶಾಲೆಯಲ್ಲಿ ಟೀಚರ್ ಬೈಬಲ್ ಓದಿ ಪ್ರಾರ್ಥನೆ ಮಾಡಿಸುವುದು ತಪ್ಪು ಅಂತ ಕೋರ್ಟಿಗೆ ಹೋದರು. 1902ರಲ್ಲಿ ನೆಬ್ರಾಸ್ಕಾ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಇಲ್ಲಿನ ಸರ್ಕಾರಿ ಶಾಲೆಯಲ್ಲಿ ಎಲ್ಲ ಧರ್ಮದವರ ಜೊತೆ ಕೂತು ಓದುವ ನಮ್ಮ ಮಕ್ಕಳಿಗೆ ಇದು ತಟ್ಟದೇ ಇರುತ್ತಾ? ನಮ್ಮ ಬಡತನದ ಕಥೆಗಿಂತ ಇದು ಅವರಿಗೆ ಹತ್ತಿರದ್ದು.

1967ರವರೆಗೂ ಅಲ್ಲಿ ಪಾಠ ನಡೆದಿದೆ. ಪಾರ್ಕಿಗೆ ಟಿಕೆಟ್ ಇಲ್ಲ. ಹೊರಡುವ ಮುಂಚೆ ಫೋನ್ ಮಾಡಿ, ಶಾಲೆಯ ಬಾಗಿಲು ತೆಗೆದಿರುತ್ತಾ ಅಂತ ಕೇಳಿಕೊಳ್ಳಿ. ಕಿಟಕಿಯಿಂದ ಇಣುಕಿ ವಾಪಸ್ ಬರೋ ಹಾಗಾಗಬಾರದು, ಅಲ್ವಾ?