ಕೆತ್ತನೆಗೆ ಮೊದಲ ಯಂತ್ರ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಉಳಿ, ಚಾಕುಗಳಿಂದ ಸಣ್ಣ ಹಕ್ಕಿ, ಮುಖವಾಡಗಳನ್ನು ಕೆತ್ತುತ್ತೇನೆ. ಈಗ ಕರೆಂಟಿನ ಉಪಕರಣ ಕೊಳ್ಳುವ ಆಸೆ. ರೋಟರಿ ಟೂಲ್, ನೇತುಹಾಕುವ ಮೋಟಾರು, ಮೈಕ್ರೊಮೋಟಾರು ಈ ಮೂರರಲ್ಲಿ ಕಡಿಮೆ ಖರ್ಚಿಗೆ ಯಾವುದು ಒಳ್ಳೆಯದು?

ನಿಮ್ಮ ಕೆಲಸಕ್ಕೆ ನೇತುಹಾಕುವ ಮೋಟಾರು. ಅಕ್ಕಸಾಲಿಗರ ಮೇಜಿನ ಮೇಲೆ ಕೊಕ್ಕೆಗೆ ತೂಗಿರುತ್ತದಲ್ಲ, ಅದೇ. ಮೋಟಾರಿನ ಭಾರ ಕೊಕ್ಕೆಯ ಮೇಲಿರುತ್ತದೆ, ಕೈಯಲ್ಲಿ ಕೆತ್ತುವ ಬಿಟ್ ಸಿಕ್ಕಿಸುವ ಹಗುರವಾದ ಹ್ಯಾಂಡ್‌ಪೀಸ್ ಮಾತ್ರ. ಎರಡನ್ನೂ ಫ್ಲೆಕ್ಸಿಬಲ್ ಶಾಫ್ಟ್, ಅಂದರೆ ಒಳಗೆ ತಂತಿ ತಿರುಗುವ ಬಾಗುವ ಕೊಳವೆ, ಜೋಡಿಸುತ್ತದೆ. ವೇಗವನ್ನು ಕಾಲಿನ ಪೆಡಲ್‌ನಿಂದ ಏರಿಸಿ ಇಳಿಸಬಹುದು. ನಿಮಿಷಕ್ಕೆ ಸುಮಾರು 18,000ದಿಂದ 22,000 ಸುತ್ತು ತಿರುಗುತ್ತದೆ. ಒತ್ತಿದರೂ ಸುಲಭಕ್ಕೆ ನಿಲ್ಲುವುದಿಲ್ಲ.

ಮೋಟಾರನ್ನೇ ಕೈಯಲ್ಲಿ ಹಿಡಿಯುವ ರೋಟರಿ ಟೂಲ್ ಅಗ್ಗ, 30,000 ಸುತ್ತು ದಾಟುತ್ತದೆ ಎಂಬುದೂ ನಿಜ. ಆದರೆ ತಿರುಗಿಸುವ ಬಲ ಕಡಿಮೆ. ಒತ್ತಿದ ಕೂಡಲೇ ವೇಗ ಬೀಳುತ್ತದೆ, ವೇಗ ಬಿದ್ದರೆ ಒಳಗಿನ ಫ್ಯಾನ್ ಕೂಡ ನಿಧಾನವಾಗುತ್ತದೆ, ಮೋಟಾರು ಕಾಯುತ್ತದೆ. ಸುಮಾರು ಅರ್ಧ ಕೆ.ಜಿ. ಭಾರವನ್ನು ಪೆನ್ನಿನಂತೆ ಹಿಡಿದು ಕೆಲಸ ಮಾಡಿದರೆ ಮಣಿಕಟ್ಟೂ ಬೇಗ ಸೋಲುತ್ತದೆ. ರೋಟರಿ ಟೂಲ್ ಈಗಾಗಲೇ ಮನೆಯಲ್ಲಿದ್ದರೆ ಮಾತ್ರ ಅದನ್ನೇ ಕೊಕ್ಕೆಗೆ ತೂಗಿ, ಅದಕ್ಕೊಂದು ಫ್ಲೆಕ್ಸಿಬಲ್ ಶಾಫ್ಟ್ ಜೋಡಿಸಿಕೊಳ್ಳಿ. ಅತಿ ಕಡಿಮೆ ಖರ್ಚಿನ ದಾರಿ ಅದು. ಮೈಕ್ರೊಮೋಟಾರು, ಅಂದರೆ ಹಿಡಿಯೊಳಗೇ ಪುಟ್ಟ ಮೋಟಾರು ಇರುವ ಯಂತ್ರ, ಅದುರದೆ, ನುಣುಪಾಗಿ ಓಡುತ್ತದೆ, ಗರಿಯ ಗೆರೆಗಳಿಗೆ ಅದಕ್ಕೆ ಸಾಟಿಯಿಲ್ಲ. ಆದರೆ ಮರ ಕಳೆಯುವ ಒರಟು ಕೆಲಸಕ್ಕೆ ಅದರ ಶಕ್ತಿ ಸಾಲದು. ಅದನ್ನು ಎರಡನೆಯ ಯಂತ್ರವಾಗಿ ಕೊಳ್ಳಿ.

ಕೊಳ್ಳುವಾಗ ಮೋಟಾರಿನ ವ್ಯಾಟ್‌ಗಿಂತ ಹ್ಯಾಂಡ್‌ಪೀಸ್ ನೋಡಿ. ಕೀಲಿ ಹಾಕಿ ಬಿಗಿಯುವ ಚಕ್ (ಬಿಟ್ ಕಚ್ಚಿ ಹಿಡಿಯುವ ದವಡೆ) ಇರುವ ಹ್ಯಾಂಡ್‌ಪೀಸ್‌ಗೆ ಸಾಮಾನ್ಯವಾಗಿ 4 ಮಿ.ಮೀ. ದಪ್ಪದವರೆಗಿನ ಕಡ್ಡಿ (ಬಿಟ್‌ನ ಒಳಗೆ ಸಿಕ್ಕಿಸುವ ಭಾಗ) ಮಾತ್ರ ಹಿಡಿಸುತ್ತದೆ. ಹಲ್ಲಿರುವ ತಲೆಯಿಂದ ಮರ ತುರಿಯುವ ಬಿಟ್‌ಗೆ ಬರ್ ಎನ್ನುತ್ತಾರೆ. ಒರಟು ಕೆಲಸದ ದೊಡ್ಡ ಬರ್‌ಗಳ ಕಡ್ಡಿ 6 ಮಿ.ಮೀ. ಇರುತ್ತದೆ, ಅವಕ್ಕೆ ಕಾಲೆಟ್ (ಕಡ್ಡಿಯ ಅಳತೆಗೆ ತಕ್ಕ, ಬಿಗಿದು ಹಿಡಿಯುವ ಕೊಳವೆ) ಬದಲಿಸುವ ಹ್ಯಾಂಡ್‌ಪೀಸ್ ಬೇಕು. ನೇರವಾದ 3 ಮಿ.ಮೀ. ಉಕ್ಕಿನ ಕಡ್ಡಿಯೊಂದನ್ನು ಸಿಕ್ಕಿಸಿ, ಕೈಯಿಂದ ನಿಧಾನವಾಗಿ ತಿರುಗಿಸಿ ನೋಡಿ. ತುದಿ ವಾಲಾಡಿದರೆ ಆ ಹ್ಯಾಂಡ್‌ಪೀಸ್ ಬೇಡ. ನಿಧಾನದಲ್ಲಿ ಕಾಣುವ ಸಣ್ಣ ವಾಲಾಟವೇ ವೇಗದಲ್ಲಿ ಅದುರಾಟವಾಗುತ್ತದೆ, ಬೇರಿಂಗನ್ನೂ ತಿನ್ನುತ್ತದೆ. ಮೋಟಾರಿಗೆ ಕರೆಂಟು ಮುಟ್ಟಿಸುವ ಕಾರ್ಬನ್ ಬ್ರಷ್ ಮತ್ತು ಕಾಲೆಟ್ ಬಿಡಿಯಾಗಿ ಸಿಗುತ್ತವೆಯೇ ಎಂದೂ ಕೇಳಿ. ಬ್ರಷ್ ಸವೆಯುವುದು ಸಹಜ. ಸಿಗದಿದ್ದರೆ ಗಟ್ಟಿ ಮೋಟಾರೂ ಮೂಲೆ ಸೇರುತ್ತದೆ.

ಶಾಫ್ಟ್ ಅನ್ನು ಎಂದೂ ಚೂಪಾಗಿ ಬಗ್ಗಿಸಬೇಡಿ. ಬಗ್ಗಿದ ಜಾಗದಲ್ಲಿ ಹೊರಕವಚ ಕಾಯುತ್ತದೆ, ಒಳಗಿನ ತಂತಿಹೆಣಿಗೆ ಕೊನೆಗೆ ತುಂಡಾಗುತ್ತದೆ. ಆಗಾಗ ಬಿಚ್ಚಿ ತೆಳುವಾಗಿ ಗ್ರೀಸ್ ಸವರಿ. ಜಾಸ್ತಿಯಾದರೆ ಅದು ಹ್ಯಾಂಡ್‌ಪೀಸ್‌ಗೆ ಇಳಿದು ಮರಕ್ಕೆ ಕಲೆ ಹಿಡಿಸುತ್ತದೆ.

ಪ್ರಶ್ನೆ: 200 ಬಿಟ್‌ಗಳ ಪೆಟ್ಟಿಗೆ ಅಗ್ಗಕ್ಕೆ ಸಿಗುತ್ತಿದೆ. ಕೊಳ್ಳಲೇ?

ಬೇಡ. ಅದರಲ್ಲಿ ಕತ್ತರಿಸುವ ಚಕ್ರ, ಪಾಲಿಷ್ ಬಟ್ಟೆ, ಕಲ್ಲು ಲೋಹಗಳಿಗೆ ಬೇಕಾದ ತುಣುಕುಗಳೇ ಹೆಚ್ಚು. ಮರಕ್ಕೆ ಆಗುವವು ಬೆರಳೆಣಿಕೆಯಷ್ಟು. ಅದೇ ಹಣಕ್ಕೆ ಒಳ್ಳೆಯ ಬರ್ ಮೂರು ಸಾಕು: ಮುಳ್ಳುಗಳಂತೆ ಎದ್ದ ಹಲ್ಲುಗಳಿರುವ, ತುಂಬ ಗಡಸಾದ ಕಾರ್ಬೈಡ್‌ನವು. ಮೊದಲನೆಯದು ತುದಿ ಗುಂಡಗಿರುವ ಸಿಲಿಂಡರ್, 6 ಮಿ.ಮೀ. ಕಡ್ಡಿಯದು, ಒರಟು ಹಲ್ಲಿನದು, ಮರ ಇಳಿಸುವುದಕ್ಕೆ. ಎರಡನೆಯದು ದೀಪದ ಕುಡಿಯ ಆಕಾರದ್ದು, 3 ಮಿ.ಮೀ. ಕಡ್ಡಿಯದು, ಕಣ್ಣಿನ ಕುಳಿ, ರೆಕ್ಕೆಯ ಸಂದುಗಳಿಗೆ. ಮೂರನೆಯದು ಸಣ್ಣ ಗುಂಡು. ಲೋಹಕ್ಕಾಗಿ ಮಾಡಿದ, ನುಣ್ಣನೆಯ ಅಡ್ಡಗೆರೆಗಳ ಗಟ್ಟಿ ಕಾರ್ಬೈಡ್ ಬರ್ ಮೆದು ಮರದಲ್ಲಿ ಪುಡಿ ತುಂಬಿ ಬೇಗ ಕಟ್ಟಿಕೊಳ್ಳುತ್ತದೆ, ಹಸಿ ಮರದಲ್ಲಂತೂ ಇನ್ನೂ ಬೇಗ.

ಕಡ್ಡಿಯ ಅಳತೆಯಲ್ಲಿ ಎಲ್ಲರೂ ಎಡವುತ್ತಾರೆ. ಮಾರುಕಟ್ಟೆಯಲ್ಲಿ 2.35, 3 ಮತ್ತು 3.175 ಮಿ.ಮೀ. ಮೂರೂ ಇವೆ, ಕೊನೆಯದು ಇಂಚಿನ ಎಂಟನೇ ಒಂದು ಭಾಗ. 3 ಮಿ.ಮೀ. ಕಡ್ಡಿ 3.175ರ ಕಾಲೆಟ್‌ನಲ್ಲಿ ಬಿಗಿಯಾದಂತೆಯೇ ಕಾಣುತ್ತದೆ, ಕೆಲಸ ಮಾಡುತ್ತ ಮಾಡುತ್ತ ಕೂದಲೆಳೆಯಷ್ಟೇ ಹೊರಗೆ ಜಾರುತ್ತದೆ. ಸರಿಯಾದ ಕಾಲೆಟ್ ಬಳಸಿ. ಕಡ್ಡಿಯನ್ನು ಆಳಕ್ಕೆ ಕೂರಿಸಿ, ತಲೆ ಕಾಲೆಟ್‌ಗೆ ತಾಗದಷ್ಟು ಮಾತ್ರ ಹೊರಗಿರಲಿ. ಉದ್ದಕ್ಕೆ ಹೊರಚಾಚಿದ ತೆಳು ಕಡ್ಡಿ ವೇಗಕ್ಕೆ ಬಾಗಿಯೇ ಬಿಡುತ್ತದೆ. ಪ್ರತಿ ಬರ್‌ಗೂ ಗರಿಷ್ಠ ವೇಗವಿದೆ. ತಲೆ ದೊಡ್ಡದಾದಷ್ಟೂ ಅದು ಕಡಿಮೆ.

ಪ್ರಶ್ನೆ: ಕೆತ್ತಿದ ಜಾಗ ಕಪ್ಪಾಗಿ ಸುಡುತ್ತದೆ. ಕೆಲವೊಮ್ಮೆ ಬರ್ ತಾನಾಗಿಯೇ ಓಡಿ ಬೇಡದ ಕಡೆ ಗೀರುತ್ತದೆ. ಏನು ತಪ್ಪು?

ಸುಡುವುದಕ್ಕೆ ಹಲ್ಲುಗಳ ನಡುವೆ ಅಂಟು ಕಟ್ಟಿರುವುದೇ ಸಾಮಾನ್ಯ ಕಾರಣ. ಹಲ್ಲು ಕಡಿಯದೆ ಉಜ್ಜುತ್ತಿರುತ್ತದೆ, ನೀವು ಇನ್ನಷ್ಟು ಒತ್ತುತ್ತೀರಿ, ಶಾಖ ಏರುತ್ತದೆ. ಯಂತ್ರ ನಿಲ್ಲಿಸಿ, ಗರಗಸದ ಅಂಟು ತೆಗೆಯುವ ದ್ರಾವಣದಲ್ಲಿ ಬರ್ ನೆನೆಸಿ, ಹಿತ್ತಾಳೆ ಬ್ರಷ್‌ನಿಂದ ಉಜ್ಜಿ ಒಣಗಿಸಿ. ಬರ್ ಚೊಕ್ಕಟವಾಗಿದ್ದೂ ಸುಟ್ಟರೆ ವೇಗ ಇಳಿಸಿ, ಒಂದೇ ಕಡೆ ನಿಲ್ಲದೆ ಸವರುತ್ತಿರಿ.

ಓಡುವುದಕ್ಕೆ ಕಾರಣ ದಿಕ್ಕು. ಬಲಗೈಯಲ್ಲಿ ಪೆನ್ನಿನಂತೆ ಹಿಡಿದಾಗ, ಮರಕ್ಕೆ ತಾಗುವ ಬರ್‌ನ ತಳ ನಿಮ್ಮ ಕಡೆಗೆ ತಿರುಗುತ್ತಿರುತ್ತದೆ. ಹಾಗಾಗಿ ಬರ್ ನಿಮ್ಮಿಂದ ದೂರಕ್ಕೆ ಉರುಳಲು ನೋಡುತ್ತದೆ. ಮುಂದಕ್ಕೆ ತಳ್ಳಿದರೆ ಅದರ ಓಟಕ್ಕೆ ನೀವೇ ದಾರಿ ಕೊಟ್ಟಂತೆ. ನಿಮ್ಮ ಕಡೆಗೆ ಎಳೆದು ಕೆತ್ತಿ, ಹಿಡಿತ ನಿಮ್ಮದಾಗುತ್ತದೆ. ಎಡಗೈಯವರಿಗೆ ಇದು ತಿರುವುಮುರುವು. ಅವರು ಹಿಮ್ಮುಖವಾಗಿಯೂ ತಿರುಗುವ ಮೋಟಾರು ಕೊಳ್ಳಲಿ. ಮುಳ್ಳುಹಲ್ಲಿನ ಬರ್ ಎರಡೂ ದಿಕ್ಕಿಗೆ ಕಡಿಯುತ್ತದೆ, ಗೆರೆ ಹಲ್ಲಿನದು ಕಡಿಯದು. ಎಡಗೈಯವರೇ ಆಗಿರಲಿ, ಬಲಗೈಯವರೇ ಆಗಿರಲಿ, ಹೆಬ್ಬೆರಳೋ ಕಿರುಬೆರಳೋ ಮರದ ಮೇಲೆ ಊರಿರಲಿ.

ಪ್ರಶ್ನೆ: ಎರಡಡಿಯ ದಿಮ್ಮಿ ಇಳಿಸಲು ಆಂಗಲ್ ಗ್ರೈಂಡರ್‌ಗೆ ಚೈನ್ ಹಲ್ಲಿನ ಚಕ್ರ ಹಾಕಬಹುದೇ?

ಹೊಸಬರು ಹಾಕಲೇಬಾರದು. ಹಲ್ಲು ಗಂಟಿಗೆ ಸಿಕ್ಕಿದ ಕ್ಷಣ ಗ್ರೈಂಡರ್ ಮೈಮೇಲೆ ಎಗರುತ್ತದೆ, ತಡೆಯುವಷ್ಟು ಸಮಯ ಕೈಗಿರುವುದಿಲ್ಲ. ಗರಗಸದ ಬ್ಲೇಡ್‌ಗೂ ಇದೇ ಮಾತು. ಮುಳ್ಳುಹಲ್ಲಿನ ಕಾರ್ಬೈಡ್ ಚಕ್ರ ಅಷ್ಟಾಗಿ ಕಚ್ಚುವುದಿಲ್ಲ, ತುರಿಯುತ್ತದೆ, ಅದನ್ನೇ ಕೊಳ್ಳಿ. ಸಣ್ಣ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಚಕ್ರದ ಮೇಲೆ ಬರೆದ ಗರಿಷ್ಠ ವೇಗ ನಿಮ್ಮ ಗ್ರೈಂಡರ್‌ನದಕ್ಕಿಂತ ಕಡಿಮೆ ಇರಕೂಡದು. ನಡುವಿನ ರಂಧ್ರ ಸ್ಪಿಂಡಲ್‌ಗೆ ಸರಿಯಾಗಿ ಕೂರಬೇಕು. ಕೈಬಿಟ್ಟರೆ ತಾನೇ ಆರುವ ಸ್ವಿಚ್ ಇರುವ ಗ್ರೈಂಡರ್ ಆರಿಸಿ. ಗಾರ್ಡ್ ಬಿಚ್ಚಬೇಡಿ. ದಿಮ್ಮಿಯನ್ನು ಕ್ಲಾಂಪ್‌ನಲ್ಲಿ ಬಿಗಿದು, ಪಕ್ಕದ ಹಿಡಿ ಸೇರಿಸಿ ಎರಡೂ ಕೈಯಲ್ಲಿ ಹಿಡಿಯಿರಿ.

ಪ್ರಶ್ನೆ: ಧೂಳಿಗೆ ಬಟ್ಟೆಯ ಮಾಸ್ಕ್ ಸಾಕೇ? ಕೈಗವಸು ಬೇಕೇ?

ಬಟ್ಟೆಯದು ಸಾಲದು. ಬರ್ ಎಬ್ಬಿಸುವ ಧೂಳು ಉಳಿಯ ಚಕ್ಕೆಯಂತಲ್ಲ, ಶ್ವಾಸಕೋಶದವರೆಗೂ ಇಳಿಯುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಸೇರಿಸಿದೆ. ಕನಿಷ್ಠ ಎನ್95 ದರ್ಜೆಯ ಮಾಸ್ಕ್ ಮೂಗಿಗೆ ಒತ್ತಿ ಕೂರಲಿ. ಗಡ್ಡವಿದ್ದರೆ ಅಂಚಿನಲ್ಲಿ ಗಾಳಿ ನುಸುಳುತ್ತದೆ. ವ್ಯಾಕ್ಯೂಮಿನ ಬಾಯಿಯನ್ನು ಬರ್‌ನಿಂದ ಒಂದು ಗೇಣಿನೊಳಗೆ ಇಡಿ. ಕಣ್ಣಿಗೆ ಕನ್ನಡಕ ಇರಲೇಬೇಕು. ಸಡಿಲ ಹತ್ತಿಯ ಕೈಗವಸು ಮಾತ್ರ ಹಾಕಬೇಡಿ: ತಿರುಗುವ ಬರ್ ಅದರ ನೂಲನ್ನು ಹಿಡಿದರೆ ಬೆರಳನ್ನೂ ಜತೆಗೆ ಎಳೆದುಕೊಳ್ಳುತ್ತದೆ. ಉದ್ದ ಕೂದಲು, ಅಂಗಿಯ ತೋಳು, ದಾರಗಳನ್ನು ಕಟ್ಟಿಕೊಂಡೇ ಪೆಡಲ್ ಒತ್ತಿ.