ಆನೆಗುಂದಿಯಲ್ಲಿ ಮನೆ ಹಿಡಿಯುವ ಮುಂಚೆ

ಪ್ರಶ್ನೆ: ಅಕ್ಕಾ, ಡಿಸೆಂಬರ್ ರಜೆಯಲ್ಲಿ ಮನೆಮಂದಿಯೆಲ್ಲ ಆನೆಗುಂದಿಗೆ ಹೋಗಬೇಕು ಅಂತಿದ್ದೇವೆ. ಅವ್ವನಿಗೆ ಎಪ್ಪತ್ತು ದಾಟಿದೆ, ಮೊಣಕಾಲು ನೋವು. ಲಾಡ್ಜ್ ಬೇಡ, ಇಡೀ ಮನೆ ಬಾಡಿಗೆಗೆ ಸಿಕ್ಕರೆ ಚಲೋ. ನೆಟ್‌ನಲ್ಲಿ ನೋಡಿದರೆ ಎಲ್ಲವೂ ‘ಹಂಪಿ ಹತ್ತಿರ, ಹೊಳೆ ಪಕ್ಕ’ ಅಂತಲೇ ಇವೆ. ಹೇಗೆ ಆರಿಸೋದು?
– ಹೆಸರು ಬೇಡ ಎಂದವರು, ಕೇಶ್ವಾಪುರ, ಹುಬ್ಬಳ್ಳಿ

ಉತ್ತರ: ಮೊದಲು ದಂಡೆ ಆರಿಸಿ, ಆಮೇಲೆ ಮನೆ. ನನ್ನ ತವರು ಗಂಗಾವತಿ, ಈಗ ಇರೋದು ಗದಗದಲ್ಲಿ. ರಜೆ ಬಂತೆಂದರೆ ಪರಿಚಯದವರ ಫೋನ್ ಶುರು: ‘ಹಂಪಿ ಎದುರಿಗೇ ಮನೆ ಸಿಕ್ಕಿದೆ, ಅಡ್ವಾನ್ಸ್ ಹಾಕಲಾ?’ ಎದುರಿಗೆ ಇರೋದೇನೋ ನಿಜ. ನಡುವೆ ತುಂಗಭದ್ರೆ ಇದ್ದಾಳೆ ಅಂತ ಮಾತ್ರ ಜಾಹೀರಾತಿನವರು ಹೇಳೋದಿಲ್ಲ.

ಹಂಪಿ ಆ ದಂಡೆ, ವಿಜಯನಗರ ಜಿಲ್ಲೆ. ಆನೆಗುಂದಿ ಈ ದಂಡೆ, ಕೊಪ್ಪಳ ಜಿಲ್ಲೆ. ತಳವಾರಘಟ್ಟದಲ್ಲಿ ಹಗಲು ಹೊತ್ತು ಹೊಳೆ ದಾಟಿಸುತ್ತಾರೆ, ಕತ್ತಲಾದರೆ ಇಲ್ಲ. ಡ್ಯಾಮಿನಿಂದ ಜಾಸ್ತಿ ನೀರು ಬಿಟ್ಟರೆ ಹಗಲೂ ಇಲ್ಲ. ಅಲ್ಲಿ ಕಟ್ಟುತ್ತಿದ್ದ ಸೇತುವೆ 2009ರಲ್ಲಿ ಕುಸಿದುಬಿತ್ತು. ಈಗ ಕಾರು ಕಡೆಬಾಗಿಲು–ಬುಕ್ಕಸಾಗರದ ಸೇತುವೆ ಸುತ್ತಿಕೊಂಡೇ ಹೋಗಬೇಕು. ದಿನಾ ಹಂಪಿ ನೋಡೋದೇ ನಿಮ್ಮ ಆಸೆಯಾದರೆ ಕಮಲಾಪುರದಲ್ಲೋ ಹೊಸಪೇಟೆಯಲ್ಲೋ ಇಳಿಯಿರಿ. ಆನೆಗುಂದಿ, ಪಂಪಾಸರೋವರ, ಒಂಬತ್ತು ಯತಿಗಳ ವೃಂದಾವನ ಇರುವ ನಡುಗಡ್ಡೆ ನವವೃಂದಾವನ ಅನ್ನುವವರು ಈ ದಂಡೆಗೆ ಬನ್ನಿ. ವಿಜಯನಗರಕ್ಕಿಂತ ಹಳೆಯ ಊರು ಇದು. ಕೋಟೆ ಬಾಗಿಲು, ರಂಗನಾಥನ ಗುಡಿ, ಗಗನ ಮಹಲ್ ಎಲ್ಲ ಊರೊಳಗೇ ಇವೆ. ಅವ್ವನಿಗೆ ಸುಮ್ನೆ ಅಡ್ಡಾಡಿ ಕಟ್ಟೆ ಮೇಲೆ ಕೂರಲು ಇದಕ್ಕಿಂತ ಚಲೋ ಜಾಗ ಸಿಗೋದಿಲ್ಲ. ಪಂಪಾಸರೋವರದ ಹತ್ತಿರದವರೆಗೂ ಗಾಡಿ ಹೋಗುತ್ತದೆ. ಹನುಮ ಹುಟ್ಟಿದ್ದು ಅನ್ನುವ ಅಂಜನಾದ್ರಿ ಬೆಟ್ಟಕ್ಕೆ 575 ಮೆಟ್ಟಿಲು, ಅದನ್ನು ಹುಡುಗರಿಗೆ ಬಿಡಿ.

ಹೊಳೆ ಪಕ್ಕದ ಮನೆಗೆ ಆಸೆಪಡಬೇಡಿ ಅಂತಲೇ ನಾನು ಹೇಳೋದು. ಊರೊಳಗಿನ ಮನೆ ಹಿಡಿಯಿರಿ, ಹೊಳೆಗೆ ನಡೆದೇ ಹೋಗಬಹುದು. ಹಾಂ, ನೆಟ್‌ನಲ್ಲಿ ಹಂಪಿ ಎದುರಿನ ನಡುಗಡ್ಡೆ ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳ ಹಳೇ ಫೋಟೋ ಈಗಲೂ ಕಣ್ಣಿಗೆ ಬೀಳುತ್ತವೆ. ಸುಪ್ರೀಂ ಕೋರ್ಟ್ ತೀರ್ಪು ಬಂದಮೇಲೆ 2020ರಲ್ಲೇ ಅಲ್ಲಿನ ರೆಸಾರ್ಟ್‌ಗಳನ್ನು ಕೆಡವಿದ್ದಾರೆ. ಈ ಸೀಮೆಯೆಲ್ಲ ಹಂಪಿ ವಿಶ್ವ ಪರಂಪರೆ ಪ್ರದೇಶದ ಪ್ರಾಧಿಕಾರದ ಕೈಕೆಳಗೆ ಬರುತ್ತದೆ, ಮನಸ್ಸಿಗೆ ಬಂದ ಹಾಗೆ ಕಟ್ಟುವಂತಿಲ್ಲ. ಹಾಗಾಗಿ ‘ಪ್ರವಾಸೋದ್ಯಮ ಇಲಾಖೆಯಲ್ಲಿ ಹೋಂಸ್ಟೇ ನೋಂದಣಿ ಆಗಿದೆಯಾ, ಪತ್ರದ ಫೋಟೋ ಕಳಿಸಿ’ ಅಂತ ಕೇಳಿ. ಇದ್ದವರು ತಕ್ಷಣ ಕಳಿಸುತ್ತಾರೆ. ‘ಬಂದಾಗ ತೋರಿಸ್ತೀವಿ’ ಅಂದರೆ ಬೇರೆ ಮನೆ ನೋಡಿ.

ಇನ್ನು ಮನೆ. ಆನೆಗುಂದಿಯ ಹಳೇ ಮನೆಗಳು ನೋಡಲು ಚಂದ: ಕಲ್ಲಿನ ಕಟ್ಟೆ, ಮಣ್ಣಿನ ಮಾಳಿಗೆ, ಮಟಮಟ ಮಧ್ಯಾಹ್ನದಲ್ಲೂ ಒಳಗೆ ತಂಪು. ಆದರೆ ಬಾಗಿಲು ಗಿಡ್ಡ, ಹೊಸ್ತಿಲು ಎತ್ತರ. ಬಚ್ಚಲ, ಕಕ್ಕಸು ಎಷ್ಟೋ ಕಡೆ ಹಿತ್ತಲಲ್ಲಿ. ಮೊಣಕಾಲು ನೋವಿರೋರು ರಾತ್ರಿ ಎದ್ದು ಎರಡು ಹೊಸ್ತಿಲು ದಾಟಿ, ಮೂರು ಮೆಟ್ಟಿಲು ಇಳಿದು ಹೋಗೋದು ಆಗೋ ಮಾತಾ? ನಾನು ಮನೆಯವರಿಗೆ ಒಂದೇ ಕೇಳೋದು: ಅವ್ವ ಮಲಗೋ ಮಂಚದಿಂದ ಕಕ್ಕಸಿನವರೆಗೆ ಮೊಬೈಲ್ ಹಿಡಿದು ನಡೆಯುತ್ತ ವಿಡಿಯೋ ಮಾಡಿ ಕಳಿಸಿ ಅಂತ. ಹೊಸ್ತಿಲು, ಜಾರೋ ಹಾಸುಗಲ್ಲು, ಕಮೋಡ್ ಇದೆಯೋ ಇಲ್ಲವೋ, ಬಲ್ಬ್ ಎಲ್ಲಿದೆ, ಎಲ್ಲ ಅದರಲ್ಲೇ ಗೊತ್ತಾಗುತ್ತದೆ. ಇಪ್ಪತ್ತು ಫೋಟೋ ನೋಡಿದರೂ ಇಷ್ಟು ತಿಳಿಯೋದಿಲ್ಲ.

ಇಡೀ ಮನೆ ಬೇಕು ಅಂದಿದ್ದೀರಿ. ಮನೆಯವರು ಅದೇ ವಠಾರದಲ್ಲಿ ಇರುವಂಥದ್ದನ್ನೇ ಹಿಡಿಯಿರಿ. ಕೀಲಿ ಕೊಟ್ಟು ಹೋಗಿಬಿಡುವ ಮಾಲೀಕ ನನಗಂತೂ ಬೇಡ. ಮೋಟಾರ್ ಕೆಟ್ಟರೆ, ನಡುರಾತ್ರಿ ಅವ್ವನಿಗೆ ಹೊಟ್ಟೆ ಕೆಟ್ಟರೆ, ಮಂಗ ಅಡುಗೆಮನೆಗೆ ನುಗ್ಗಿದರೆ ಯಾರನ್ನು ಕೂಗೋದು? ಊಟಕ್ಕೆ ಹಿಂದಿನ ದಿನವೇ ಹೇಳಿಡಿ. ಗಂಗಾವತಿ ಸೀಮೆ ಅಂದರೆ ಭತ್ತದ ಸೀಮೆ, ಏನೂ ಹೇಳದಿದ್ದರೆ ತಾಟಿನ ತುಂಬ ಅನ್ನವೇ ಬಂದೀತು. ಜೋಳದ ರೊಟ್ಟಿ ಬೇಕಂದರೆ ಬಾಯಿಬಿಟ್ಟು ಕೇಳಿ.

ತಾರೀಖು ಗೊತ್ತು ಮಾಡುವಾಗ ಪಂಚಾಂಗವನ್ನೂ ನೋಡಿ. ಹನುಮದ್ ವ್ರತಕ್ಕೆ ಅಂಜನಾದ್ರಿಯಲ್ಲಿ ಹನುಮಮಾಲೆ ಇಳಿಸಲು ಸಾವಿರಗಟ್ಟಲೆ ಜನ ಬರುತ್ತಾರೆ, ಸಾಮಾನ್ಯವಾಗಿ ಅದು ಡಿಸೆಂಬರ್‌ನಲ್ಲೇ. ಭಕ್ತಿಯಿಂದ ಬರೋರಿಗೆ ಸರಿ, ನಿಮಗೆ ಆ ಎರಡು ದಿನ ಬೇಡ. ರೈಲಾದರೆ ಹುಬ್ಬಳ್ಳಿಯಿಂದ ಗದಗ, ಕೊಪ್ಪಳದ ಮೇಲೆ ಸೀದಾ ಗಂಗಾವತಿಗೇ ಇದೆ, ಅಲ್ಲಿಂದ ಆಟೋ.

ಪ್ರಶ್ನೆ: ಹೊಳೆಯಲ್ಲಿ ಈಜಬಹುದಾ? ತೆಪ್ಪದಲ್ಲಿ ಮಕ್ಕಳನ್ನು ಕೂರಿಸಬಹುದಾ?
– ಓದುಗರು, ಸಪ್ತಾಪುರ, ಧಾರವಾಡ

ಉತ್ತರ: ಈಜೋದು ಬೇಡ. ಬಂಡೆ ನುಣ್ಣಗಿವೆ, ಅವುಗಳ ಸಂದಿನಲ್ಲಿ ಸುಳಿ ಇವೆ, ಮೊಸಳೆಯೂ ಇವೆ. ಡ್ಯಾಮಿನ ಕೆಳಗಿನಿಂದ ಕಂಪ್ಲಿಯವರೆಗೆ ಸುಮಾರು 34 ಕಿ.ಮೀ. ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಅಂತ ಘೋಷಿಸಿದ್ದಾರೆ. ಬೆಳಿಗ್ಗೆ ಬೇಗ ಎದ್ದು ದಂಡೆಯಲ್ಲಿ ಗದ್ದಲ ಮಾಡದೆ ಕೂತರೆ, ಅದೃಷ್ಟ ಇದ್ದರೆ ನೀರುನಾಯಿ ಕಾಣುತ್ತವೆ. ಮಕ್ಕಳಿಗೆ ಈಜಿಗಿಂತ ಅದು ಜಾಸ್ತಿ ಖುಷಿ.

ತೆಪ್ಪಕ್ಕೆ ನನ್ನ ತಕರಾರಿಲ್ಲ, ಲೈಫ್ ಜಾಕೆಟ್ ಕೊಟ್ಟರೆ ಮಾತ್ರ. ಕೃಷ್ಣದೇವರಾಯನ ಕಾಲಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಕೂಡ ಆನೆಗುಂದಿಗೆ ಜನ ಬುಟ್ಟಿಯಂಥ ದುಂಡನೆ ದೋಣಿಯಲ್ಲಿ ದಾಟುತ್ತಾರೆ, ಒಳಗೆ ಬೆತ್ತ, ಹೊರಗೆ ತೊಗಲು ಅಂತ ಬರೆದಿದ್ದಾನೆ. ಅವನಿಗೆ ಜಾಕೆಟ್ ಕೊಟ್ಟಿರಲಿಕ್ಕಿಲ್ಲ. ನೀವು ಕೇಳಿ ಹಾಕಿಸಿಕೊಳ್ಳಿ.

ಪ್ರಶ್ನೆ: ಅಲ್ಲಿ ಕರಡಿ, ಚಿರತೆ ಇವೆಯಂತಲ್ಲ? ರಾತ್ರಿ ಹೆದರಿಕೆ ಇಲ್ವಾ?
– ಓದುಗರು, ಹಾವೇರಿ

ಉತ್ತರ: ಇವೆ. ಚಿರತೆ ಈ ಕಲ್ಲುಗುಡ್ಡಗಳಲ್ಲೇ ಇರೋದು. ಊರೊಳಗೆ ಹೆದರುವಂಥದ್ದೇನಿಲ್ಲ. ಕತ್ತಲಾದಮೇಲೆ ಗುಡ್ಡದ ಕಡೆ ವಾಕಿಂಗ್ ಹೋಗಬೇಡಿ, ಚಿಕ್ಕ ಮಕ್ಕಳನ್ನು ಹೊರಗೆ ಒಂಟಿ ಬಿಡಬೇಡಿ. ಕರಡಿ ನೋಡಲು ಹೊಳೆ ದಾಟಿ ದರೋಜಿ ಕರಡಿಧಾಮಕ್ಕೆ ಹೋಗಬೇಕು. 1994ರಲ್ಲಿ ಆದದ್ದು. ಬಂಡೆಗೆ ಬೆಲ್ಲದ ಪಾಕ ಸವರಿರುತ್ತಾರೆ, ಮಧ್ಯಾಹ್ನ ಇಳಿಹೊತ್ತಿಗೆ ಕರಡಿಗಳು ಗುಡ್ಡ ಇಳಿದು ಬಂದು ನೆಕ್ಕುತ್ತವೆ. ನೀವು ದೂರದ ವೀಕ್ಷಣಾ ಗೋಪುರದಲ್ಲಿ ನಿಂತು ನೋಡೋದು. ಬರಿಗಣ್ಣಿಗೆ ಕಪ್ಪು ಚುಕ್ಕೆ ಅಷ್ಟೇ ಕಾಣೋದು, ಯಾರದಾದರೂ ಬೈನಾಕ್ಯುಲರ್ ಇಸ್ಕೊಂಡು ಹೋಗಿ.