ಉದ್ರಿ ಪುಸ್ತಕದ ಆ ಒಂದು ಪುಟ

ಗುರುತು ಸಿಗಬಾರ್ದು ಅಂತ ಊರು, ಅಂಕಿ ಸ್ವಲ್ಪ ಬದಲಾಯಿಸಿದ್ದೀನಿ. ಸಾಲ ತೆಗೀಬೇಕಾ ಬೇಡ್ವಾ ಅನ್ನೋ ಜಗಳ ಹಿಡ್ಕೊಂಡು ಈ ವರ್ಷ ನನ್ ಹತ್ರ ಕೌನ್ಸೆಲಿಂಗ್‌ಗೆ ಬಂದ ನಾಲ್ಕನೇ ಜೋಡಿ ಇವ್ರು, ಅದಕ್ಕೇ ಬರೀತಿದ್ದೀನಿ.

ತಾಲ್ಲೂಕು ಊರಲ್ಲಿ ಹಾರ್ಡ್‌ವೇರ್ ಅಂಗಡಿ. ಎರಡನೇ ಅಂಗಡಿಗೆ 40 ಲಕ್ಷ ಸಾಲ ತೆಗೀತೀನಿ ಅಂತ ಗಂಡ, ಬೇಡ್ವೇ ಬೇಡ ಅಂತ ಹೆಂಡತಿ, ಮೂರು ತಿಂಗಳಿಂದ ಮನೇಲಿ ಮಾತಿಲ್ಲ. "ನನ್ ನೆಟ್ ವರ್ತ್ 92 ಲಕ್ಷ ಇದೆ ಮೇಡಂ, ಇವ್ಳಿಗೆ ಸುಮ್ನೆ ಭಯ" ಅಂತ ಗಂಡ ಹಾಳೆ ಮುಂದಿಟ್ರು. ನೆಟ್ ವರ್ತ್ ಅಂದ್ರೆ ಇರೋ ಆಸ್ತೀಲಿ ಸಾಲ ಕಳೆದು ಉಳಿಯೋದು. ಮನೆ 60, ಸ್ಟಾಕ್ 18, ಉದ್ರಿ 14, ಎಲ್‌ಐಸಿ 10, ಚಿನ್ನ 9, ಅದ್ರಲ್ಲಿ ಸಾಲ 19 ಕಳೆದಿದ್ರು. ಮುಂದಿನ ಸಲ ಉದ್ರಿ ಪುಸ್ತಕ ತನ್ನಿ ಅಂದೆ.

ತಂದ್ರು, ಕೆಂಪು ಬಟ್ಟೆ ರಟ್ಟಿನ ಉದ್ದನೆ ಪುಸ್ತಕ. ಪುಟ ತಿರುವುತ್ತಾ 'ಇವ್ರು ದೀಪಾವಳಿ ಒಳಗೆ ಕೊಡ್ತಾರಾ' ಅಂತ ಒಂದೇ ಪ್ರಶ್ನೆ ಕೇಳ್ತಾ ಹೋದೆ. ಒಂದು ಕಡೆ ಅವ್ರ ಬೆರಳು ನಿಂತ್ಬಿಡ್ತು. ಸಿಮೆಂಟ್ ಶೀಟು, ಗೇಟು, ಒಟ್ಟು 38,000.

"ಇವ್ರು ತೀರ್ಕೊಂಡು ಎರಡು ವರ್ಷ ಆಯ್ತು ಮೇಡಂ. ತಿಥಿ ಊಟಕ್ಕೆ ನಾನೇ ಹೋಗಿದ್ದೆ."

14 ಲಕ್ಷದಲ್ಲಿ ಇದೂ ಸೇರಿದ್ಯಾ ಅಂದೆ. "ಸೇರಿದೆ. ಹೊಡೆದ್ ಹಾಕಿದ್ರೆ ನಾನ್ ಕೊಟ್ಟಿದ್ದೇ ಸುಳ್ಳು ಅಂತ ಆಗತ್ತಲ್ವಾ" ಅಂದ್ರು.

ಅಲ್ಲೀವರೆಗೆ ಗೋಡೆ ನೋಡ್ತಿದ್ದ ಹೆಂಡತಿ ತಿರುಗಿ "ಕೊಟ್ಟಿದ್ದು ಸುಳ್ಳಲ್ಲ ಕಣ್ರೀ, ಅದು ಬರತ್ತೆ ಅಂತ ನಂಬ್ಕೊಂಡು ಸಾಲ ತೆಗೀಬೇಡಿ ಅಂದೆ ಅಷ್ಟೇ" ಅಂದ್ರು. ಮೂರು ತಿಂಗಳಲ್ಲಿ ಅವ್ರ ಜೊತೆ ಆಡಿದ ಮೊದಲ ಮಾತಂತೆ ಅದು.

ಆಮೇಲೆ ಲೆಕ್ಕ ಹೊಸದಾಗಿ ಬರೆದ್ವಿ. ಮನೆ, ತೀರ್ಕೊಂಡ ತಂದೆ ಸ್ವಂತ ದುಡಿದು ಕಟ್ಟಿದ್ದು, ವಿಲ್ ಬರೆದಿಲ್ಲ, ತಾಯಿ ಮತ್ತು ಇಬ್ಬರು ಅಕ್ಕಂದಿರಿಗೂ ಸಮಪಾಲು, ಹಾಗಾಗಿ ಇವ್ರದ್ದು 15. ಸ್ಟಾಕ್‌ಗೆ ಮಾರೋ ರೇಟ್ ಹಾಕಿದ್ರು, ಕೊಂಡ ರೇಟಲ್ಲಿ, ಹೋಗದೇ ಇರೋ ಮಾಲು ಬಿಟ್ಟು 12. ಎಲ್‌ಐಸಿ 10 ಇವ್ರು ಹೋದ್ಮೇಲೆ ಬರೋ ದುಡ್ಡು, ಇವತ್ತು ಸರೆಂಡರ್ ಮಾಡಿದ್ರೆ, ಅಂದ್ರೆ ಪಾಲಿಸಿ ಮಧ್ಯದಲ್ಲೇ ಬಿಟ್ರೆ, 3. ಉದ್ರೀಲಿ ನಿಜವಾಗ್ಲೂ ಬರೋದು 5. ಚಿನ್ನ ಅಷ್ಟೂ ಹೆಂಡತಿ ತವರಿಂದ ತಂದಿದ್ದು, ಸ್ತ್ರೀಧನ, ಗಂಡನ ಆಸ್ತಿ ಲೆಕ್ಕಕ್ಕೆ ಸೇರಲ್ಲ ಅಂತ ನಾನೇ ತೆಗೆಸಿದೆ. ಸಾಲದ ಕಡೆ ಸಪ್ಲೈಯರ್‌ಗಳಿಗೆ ಕೊಡೋ 7, ಎತ್ತಿಬಿಟ್ಟ ಚೀಟಿಗೆ ಇನ್ನೂ ಕಟ್ಟಬೇಕಾದ 2 ಬರೆದೇ ಇರ್ಲಿಲ್ಲ. ಹಳೇ 19ರ ಜೊತೆ ಸೇರಿ ಸಾಲ 28, 35ರಲ್ಲಿ ಅದನ್ನ ಕಳೆದ್ರೆ ಉಳಿದಿದ್ದು 7 ಲಕ್ಷ.

ಮನಸ್ಸಿನ ಸಮಸ್ಯೆ ಬಿಟ್ಟು ಲೆಕ್ಕ ಯಾಕೆ ಹಿಡೀತೀಯ, ಪಾಪ ಅವ್ರ ಧೈರ್ಯ ಕುಗ್ಗಲ್ವಾ ಅಂತ ಜೊತೆಯವರು ಕೇಳಿದ್ರು. ಗಂಡ ಹೆಂಡತಿ ಇಬ್ಬರ ತಲೇಲೂ ಬೇರೆ ಬೇರೆ ಅಂಕಿ ಇದ್ದಾಗ ಎಷ್ಟು ಸಮಾಧಾನ ಹೇಳಿದ್ರೂ ಜಗಳ ನಿಲ್ಲಲ್ಲ, ಇದು ನಾನು ಕಣ್ಣಾರೆ ಕಂಡಿದ್ದು. ಅದೂ ಅಲ್ದೆ ಇವ್ರದ್ದು ಪ್ರೊಪ್ರೈಟರ್‌ಶಿಪ್, ಅಂದ್ರೆ ಒಬ್ಬರೇ ಮಾಲೀಕರ ವ್ಯಾಪಾರ, ಅಂಗಡಿ ಸಾಲಕ್ಕೆ ಇವ್ರ ಹೆಸರಲ್ಲಿರೋದೆಲ್ಲ ಹೊಣೆ.

ಸದ್ಯಕ್ಕೆ ಸಾಲ ಬೇಡ ಅಂದೆ. ಅಂಗಡಿಗೆ ಬೇರೆ ಅಕೌಂಟ್, ಪ್ರತಿ ಮಾರ್ಚ್ 31ಕ್ಕೆ ಇಬ್ಬರೂ ಕೂತು ಈ ಹಾಳೆ ಬರೀಬೇಕು, ಮತ್ತೆ ಉದ್ರಿ 3 ವರ್ಷ ದಾಟಿದ್ರೆ ಕೋರ್ಟಲ್ಲೂ ಕೇಳೋದು ಕಷ್ಟ, ಅದಕ್ಕೆ ಮುಂಚೆ ಉದ್ರಿಯವರ ಹತ್ರ ಬಾಕಿ ಬರೆಸಿ ಸೈನ್ ಹಾಕಿಸ್ಕೊಳ್ಳಿ ಅಂದೆ. ಆ 38,000ದ ಪುಟ ಹರೀಬೇಡಿ, ಇರ್ಲಿ, ಈ ಹಾಳೆಗೆ ಮಾತ್ರ ತರಬೇಡಿ ಅಂದೆ.

ಮನೆ ಪಾಲಿನ ಮಾತು ಇನ್ನೂ ಆಗಿಲ್ಲ. ಅಕ್ಕಂದಿರು ಗೌರಿ ಹಬ್ಬಕ್ಕೆ ಬರ್ತಾರೆ, ಬಾಗಿನ ಕೊಟ್ಟು ಮಾರನೇ ದಿನ ಕೇಳ್ತೀನಿ ಅಂದಿದ್ದಾರೆ.